ಬಾಗಿಲು ತಟ್ಟಿದ ಕಾಗಕ್ಕ, ಮತ್ತು ಹೆಸರು ಗೊತ್ತಿಲ್ಲದ ಒಬ್ಬ ಅಕ್ಕ

ಬೇಸಿಗೆ ರಜೆಯಲ್ಲಿ, ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯದಲ್ಲಿ ನನ್ನ ಮಗಳ ಪಕ್ಕ ಕೂತು ಮಾತಾಡಿಸಿ, ಅವಳಿಂದ ಕತೆ ಕಟ್ಟಿಸುವುದು ಹೇಗೆಂದು ನನಗೆ ಹೇಳಿಕೊಟ್ಟ ಅಕ್ಕನಿಗೆ ಈ ಧನ್ಯವಾದ. ನಿಮ್ಮ ಹೆಸರು ನಮಗೆ ಗೊತ್ತಿಲ್ಲ.

"ಕತೆ ಬರಿ ಅನ್ನಬೇಡಿ. ಅರ್ಧ ಹೇಳಿ ಸುಮ್ಮನಾಗಿಬಿಡಿ" ಅಂದಿರಿ. ಹಾಗೇ ಮಾಡಿದೆ. ಮಳೆಗೆ ಮನೆ ಕರಗಿ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ, ಅಲ್ಲಿಗೆ ನಿಲ್ಲಿಸಿದೆ. ನಮ್ಮ ಕಾಲದ ಗುಬ್ಬಕ್ಕ "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ" ಅಂತ ಸತಾಯಿಸುತ್ತಿದ್ದಳು. ಮಗಳ ಗುಬ್ಬಕ್ಕ ತಟ್ಟನೆ ಬಾಗಿಲು ತೆಗೆದಳು. ಯಾಕೆ ಅಂದರೆ, ಕರೆಂಟು ಹೋಗಿತ್ತಂತೆ, ಒಬ್ಬಳೇ ಹೆದರಿಕೊಂಡಿದ್ದಳಂತೆ!

ಮಗಳು ಹೇಳಿದ್ದನ್ನು ನಾನು ಬರೆದುಕೊಂಡೆ. ಪುಟ್ಟ ಕೈ ಸೋತರೂ ಕತೆ ಓಡುತ್ತಲೇ ಇರುತ್ತದೆ ಎಂದವರೂ ನೀವೇ ತಾನೆ? ಈಗ ಪೆನ್ಸಿಲ್ ಅವಳ ಕೈಯಲ್ಲೇ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸೂಜಿ ದಾರದಲ್ಲಿ ಹೊಲಿದರೆ ಪುಸ್ತಕ ತಯಾರು.

ಕಷ್ಟವಾಗಿದ್ದು ಕೆಂಪು ಪೆನ್ನು ಮುಟ್ಟಬೇಡಿ ಅನ್ನುವ ನಿಮ್ಮ ಷರತ್ತು. ಒತ್ತಕ್ಷರ, ಮಹಾಪ್ರಾಣ ಎಲ್ಲೆಲ್ಲೋ ಹಾರಿಹೋಗಿರುತ್ತವೆ. ಮೇಷ್ಟರ ಮನೆಯಲ್ಲಿ ಬೆಳೆದವಳಿಗೆ ಕೈ ತುರಿಸದೆ ಇರುತ್ತದೆಯೇ! ಆದರೆ ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿಸಿದರೆ ಅರ್ಧ ತಪ್ಪು ಅವಳಿಗೇ ಸಿಗುತ್ತವೆ. ಉಳಿದದ್ದನ್ನು ಶಾಲೆ ನೋಡಿಕೊಳ್ಳಲಿ.

ಒಗಟು ಕಟ್ಟುವ ಆಟವೂ ಶುರುವಾಗಿದೆ. ಉತ್ತರ ಅವಳೇ ಮರೆತಿರುತ್ತಾಳೆ. ಶಿವಮೊಗ್ಗದ ಅಜ್ಜಿಯಂತೂ ದಿನಾ ಫೋನು ಮಾಡಿ ಮುಂದಿನ ಕಂತು ಕೇಳುತ್ತಾರೆ. ಕಾಗಕ್ಕನಿಗೆ ಕಾಫಿ ಕೊಟ್ಟಿಲ್ಲವೆಂದು ಮೊಮ್ಮಗಳ ಜತೆ ಜಗಳವನ್ನೂ ತೆಗೆದಿದ್ದಾರೆ.