ಶೀನನಿಗೆ, ಮುಲು ಬೆಟ್ಟ ಹತ್ತುವ ಮೊದಲು

ಪ್ರೀತಿಯ ಶೀನಾ,

ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗುಂಪಿನವರೂ ಓದಲಿ ಅಂತ ಎಲ್ಲರ ಎದುರಿಗೇ.

ಮುಲು ಹತ್ತೋಣ ಕಣೋ. ಬೋರ್ನಿಯೋ ದ್ವೀಪದಲ್ಲಿ, ಮಲೇಷ್ಯಾದ ಸರವಾಕ್ ರಾಜ್ಯದಲ್ಲಿದೆ, 2376 ಮೀಟರ್. ನಾನಿರುವ ಮಿರಿಯಿಂದ ಪುಟ್ಟ ವಿಮಾನದಲ್ಲಿ ಅರ್ಧ ಗಂಟೆ. ಬಂದವರಲ್ಲಿ ಹೆಚ್ಚಿನವರು ಗುಹೆ ನೋಡಿ, ಸಂಜೆ ಬಾವಲಿಗಳು ಸುರುಳಿ ಸುರುಳಿಯಾಗಿ ಹೊರಡುವುದನ್ನು ನೋಡಿ ವಾಪಸ್ ಹೋಗುತ್ತಾರೆ. ತುದಿಗೆ ಹೋಗುವವರು ತೀರಾ ಕಡಿಮೆ. ಒಂದು ಕಡೆಗೇ 24 ಕಿಲೋಮೀಟರ್, ಹೋಗಿ ಬರಲು ನಾಲ್ಕು ದಿನ. ಕ್ಯಾಂಪುಗಳಲ್ಲಿ ಮಳೆನೀರೇ ಗತಿ.

1858ರಲ್ಲಿ ಸ್ಪೆನ್ಸರ್ ಸೇಂಟ್ ಜಾನ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತಲು ನೋಡಿ, ಸುಣ್ಣಕಲ್ಲಿನ ಬಂಡೆಗೋಡೆ ದಾಟಲಾಗದೆ ಮರಳಿದ. ದಾರಿ ಸಿಕ್ಕಿದ್ದು 1920ರ ದಶಕದಲ್ಲಿ. ಕಂಡುಹಿಡಿದವನು ತಮ ನಿಲೋಂಗ್, ಅಲ್ಲಿನ ಬೆರವಾನ್ ಬುಡಕಟ್ಟಿನ ಖಡ್ಗಮೃಗದ ಬೇಟೆಗಾರ. 1932ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ಎಡ್ವರ್ಡ್ ಶ್ಯಾಕಲ್ಟನ್ ಅವನ ಜೊತೆ ನಡೆದೇ ತುದಿ ಮುಟ್ಟಿದ್ದು. ಆ ಖಡ್ಗಮೃಗಗಳು ಈಗಿಲ್ಲ. ಮಲೇಷ್ಯಾದ ಕೊನೆಯದು 2019ರಲ್ಲಿ ಸತ್ತಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಗೈಡ್ ಇಲ್ಲದೆ ತುದಿಗೆ ಬಿಡುವುದಿಲ್ಲ. ಹೋದ ವಾರ ಒಬ್ಬರ ಹತ್ತಿರ ಮಾತಾಡಿದೆ. ಎಲ್ಲ ಕೇಳಿ ಮುಗಿಸಿ, ಕೊನೆಗೆ ಸುಮ್ನೆ ಕೇಳಿದೆ, ನಡುದಾರಿಯಲ್ಲಿ ಒಬ್ಬನಿಗೆ ಆಗಲ್ಲ ಅಂದರೆ? ಅವರು ಯೋಚಿಸಲೇ ಇಲ್ಲ. ‘ತುರುನ್ ಸಾಮ-ಸಾಮ’ ಅಂದರು. ಇಳಿಯುವುದು ಒಟ್ಟಿಗೆ.

ಶೀನಾ, ನನಗೆ ತಕ್ಷಣ ಕುಮಾರಪರ್ವತ ನೆನಪಾಯಿತು.

ತುದಿಗಿಂತ ಮೊದಲು ಸಿಗುವ ಶೇಷಪರ್ವತದ ಹತ್ತಿರ ನಿನ್ನ ಮಂಡಿ ಹಿಡಿದುಕೊಂಡಿತು. ‘ನೀನು ಹೋಗಿ ಬಾರೋ, ನಾನು ಇಲ್ಲೇ ಇರ್ತೀನಿ’ ಅಂತ ನೀನು ಹೇಳಿದೆ. ನಾನು ಇನ್ನೊಂದು ಸಲ ಕೇಳಲಿಲ್ಲ. ಹೊರಟೇಬಿಟ್ಟೆ. ವಾಪಸ್ ಬಂದಾಗ ನೀನು ಅದೇ ಬಂಡೆಯ ಮೇಲಿದ್ದೆ. ಶೂ ಬಿಚ್ಚಿಟ್ಟಿದ್ದೆ, ಮಂಡಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದೆ. ನಮ್ಮಿಬ್ಬರ ನೀರೂ ನನ್ನ ಬ್ಯಾಗಿನಲ್ಲೇ ಇತ್ತು. ನಿನ್ನ ತುಟಿ ಒಣಗಿತ್ತು. ನೀನು ಬೈಯಲಿಲ್ಲ. ಬಾಟಲಿ ಇಸ್ಕೊಂಡು ಗಟಗಟ ಕುಡಿದು, ‘ಮೇಲೆ ಮೋಡ ಇತ್ತಾ?’ ಅಂತ ಕೇಳಿದೆ ಅಷ್ಟೇ.

ತುದಿಯಲ್ಲಿ ತೆಗೆದ ಫೋಟೋವನ್ನು ನಾನು ಹನ್ನೆರಡು ವರ್ಷದಿಂದ ಕಂಡಕಂಡವರಿಗೆಲ್ಲ ತೋರಿಸಿದ್ದೇನೆ. ನೀನೆಲ್ಲಿ ಅಂತ ಯಾರಾದರೂ ಕೇಳಿದರೆ, ಫೋಟೋ ತೆಗೆದವನು ಅವನೇ ಅಂದಿದ್ದೇನೆ. ಸುಳ್ಳು. ನನ್ನ ಹೆಂಡತಿಗೂ ಇದೇ ಸುಳ್ಳು ಹೇಳಿದ್ದೆ. ಅವಳಿಗೂ ನಿಜ ಇಂದೇ ಗೊತ್ತಾಗುವುದು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಿದ್ದಾಯಿತು, ಅಳಿಸುವುದಿಲ್ಲ.

ಈಗ ಕೆಲಸದ ಮಾತು. ಇಲ್ಲೂ ಉಂಬಳದ (ಜಿಗಣೆಯ) ಕಾಟ ನಮ್ಮ ಮಲೆನಾಡಿನ ಹಾಗೆಯೇ. ಉದ್ದ ಕಾಲುಚೀಲ ನಾನು ಕೊಂಡಿಡುತ್ತೇನೆ. ಮೇಲಿನ ಕಾಡಿನಲ್ಲಿ ಮರಗಳಿಗೆಲ್ಲ ಪಾಚಿ ಹೊದಿಸಿದ ಹಾಗಿರುತ್ತದಂತೆ, ಹುಳ ಹಿಡಿದು ತಿನ್ನುವ ಹೂಜಿ ಗಿಡಗಳೂ ಇವೆ. ನಿನ್ನ ಮಗಳಿಗೆ ಫೋಟೋ ತೆಗೆಯೋಣ. ಮಂಡಿ ಡಾಕ್ಟರಿಗೆ ಒಮ್ಮೆ ತೋರಿಸಿಕೋ. ಆಗಲ್ಲ ಅಂದರೆ ಮೊದಲ ಕ್ಯಾಂಪಿನವರೆಗೆ ಹೋಗಿ, ಒಂದು ರಾತ್ರಿ ಇದ್ದು, ಇಬ್ಬರೂ ಇಳಿಯೋಣ. ಗುಹೆಗಳಂತೂ ಇದ್ದೇ ಇವೆ. ಇಲ್ಲಿ ಗುಹೆಗೆ ‘ಗುವಾ’ ಅಂತಾರೆ ಗೊತ್ತಾ?

ಕುಮಾರಪರ್ವತದ ದಾರಿಯ ಭಟ್ಟರ ಮನೆ ಉಪ್ಪಿನಕಾಯಿ ಲೆಕ್ಕ ಇನ್ನೂ ಬಾಕಿ ಇದೆ, ಒಂದು ಬಾಟಲಿ ನಿಮ್ಮಮ್ಮನ ಮಾವಿನಮಿಡಿ ತಂದರೆ ಚುಕ್ತಾ.

ಯಾವ ತಿಂಗಳು ರಜೆ ಸಿಗುತ್ತೆ, ಬೇಗ ಹೇಳು.

ನಿನ್ನ,
ಮಿರಿಯವನು