ಶಟರ್ ಜೊತೆ ಮೇಲೇರುವ ನೋಟಿಸು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಬಳ್ಳಾರಿಯ ಒಂದು ಹಳೇ ಬಡಾವಣೆಯಿಂದ ಬರೆಯುತ್ತಿದ್ದೇನೆ. 30 ಅಡಿ ರಸ್ತೆ, ಎರಡೂ ಕಡೆ ಮನೆಗಳು, ಮೂಲೆಯಲ್ಲೊಂದು ಬೇವಿನ ಮರ. ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಪರವಾನಗಿ ಸಿಕ್ಕಿತ್ತು. ನಕ್ಷೆಯಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ವಾಸ. ಎದ್ದು ನಿಂತದ್ದು ಮಾತ್ರ ಕೆಳಗೆ ನಾಲ್ಕು ಶಟರ್, ಮೇಲೆ ಜೀನ್ಸ್ ಗೋದಾಮು. ಗಾಳಿ ಬೆಳಕಿಗೆ ಬಿಡಬೇಕಿದ್ದ ಸಂದಿಯಲ್ಲಿ ಡೀಸೆಲ್ ಜನರೇಟರ್ ಕೂತಿದೆ.

ಪಾಲಿಕೆಗೆ ದೂರು ಕೊಟ್ಟೆವು. ಬಂದು ಅಳತೆ ಹಿಡಿದು ಹೋದರು. 1976ರ ಕಾರ್ಪೊರೇಷನ್ ಕಾಯ್ದೆಯ 321ನೇ ಸೆಕ್ಷನ್ ಪ್ರಕಾರ, ನಕ್ಷೆ ಮೀರಿ ಕಟ್ಟಿದ್ದನ್ನು ತೆಗೆಯಬೇಕು ಅಂತ ಮೊದಲು ತಾತ್ಕಾಲಿಕ ಆದೇಶ ಆಯಿತು. ಮಾಲೀಕರ ಉತ್ತರ ಕೇಳಿದ ಮೇಲೆ ಅದು ಖಾಯಂ ಕೂಡ ಆಯಿತು. ಕೋರ್ಟಿನ ತಡೆಯಾಜ್ಞೆ ಏನಾದರೂ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಇಲ್ಲ ಅಂತ ಉತ್ತರ ಬಂತು. ಅಂದರೆ ನಾವು ಗೆದ್ದ ಹಾಗೆ, ಅಲ್ವಾ?

ಆದೇಶದ ಪ್ರತಿಯನ್ನು ಮೊದಲನೇ ಶಟರಿಗೆ ಅಂಟಿಸಿ ಹೋಗಿದ್ದಾರೆ. ಬೆಳಿಗ್ಗೆ ಶಟರ್ ಎತ್ತಿದರೆ ನೋಟಿಸೂ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ದಿನವಿಡೀ ವ್ಯಾಪಾರ. ರಾತ್ರಿ ಶಟರ್ ಇಳಿದಾಗ ಮತ್ತೆ ಬಂದು ನಿಲ್ಲುತ್ತದೆ. ಓದಲು ಬೀದಿನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಸುತ್ತಿ ಸುತ್ತಿ ತಾರೀಖಿನ ಸಾಲು ಹರಿದುಹೋಗಿದೆ. ಸಹಿ ಇನ್ನೂ ಗಟ್ಟಿಯಾಗಿದೆ.

ಕರೆಂಟ್ ಹೋಯಿತೆಂದರೆ ಜನರೇಟರ್ ಶುರು. ನಮ್ಮ ಬಿಸಿಲು ನಿಮಗೆ ಹೇಳಬೇಕೇ? 40 ಡಿಗ್ರಿ ದಾಟಿದ ಮಧ್ಯಾಹ್ನ ಅಡುಗೆಮನೆ ಕಿಟಕಿ ಮುಚ್ಚಿಕೊಂಡು ರೊಟ್ಟಿ ಬಡಿಯಬೇಕು. ತುಳಸಿ ಎಲೆ ಮುಟ್ಟಿದರೆ ಬೆರಳಿಗೆ ಮಸಿ. ವಾಸದ ಪ್ರದೇಶದಲ್ಲಿ ಸದ್ದು ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ನಿಯಮವಿದೆ. ಅಳೆಯೋ ಯಂತ್ರ ನಮ್ಮ ಹತ್ತಿರ ಇಲ್ಲ. ನಮ್ಮತ್ತೆ ಸಂಜೆ ಧಾರಾವಾಹಿ ನೋಡೋದನ್ನೇ ಬಿಟ್ಟಿದ್ದಾರೆ, ಅಷ್ಟು ಹೇಳಬಲ್ಲೆ.

ಜೀನ್ಸ್ ಮೇಲೆ ನಮಗೆ ಸಿಟ್ಟಿಲ್ಲ. ಅದು ಈ ಊರಿನ ಅನ್ನ. ನಮ್ಮ ಸಾಲಿನಲ್ಲೇ ಹೆಂಗಸರು ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾರೆ. ಆ ಮಿಷಿನ್ ಸದ್ದಿಗೆ ಯಾರ ನಿದ್ದೆಯೂ ಕೆಟ್ಟಿಲ್ಲ. ಮನೆ ಅಂತ ನಕ್ಷೆ ತೋರಿಸಿ ಮಾರ್ಕೆಟ್ ಎಬ್ಬಿಸೋದು ಬೇರೆ ಮಾತು.

ಜೆಸಿಬಿ ಕಳಿಸಿ ಅಂತಲೂ ಕೇಳುತ್ತಿಲ್ಲ. ಏಕಾಏಕಿ ಕೆಡವಬಾರದು, 15 ದಿನ ಮೊದಲು ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಸರಿಯಾಗೇ ಹೇಳಿದೆ. ಮರುತಿಂಗಳು, ಡಿಸೆಂಬರ್ 17ರಂದು, ಅದೇ ಕೋರ್ಟ್ ಮೀರತ್‌ನ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಮನೆಗೆಂದು ಕೊಟ್ಟ ಸೈಟಿನಲ್ಲಿ ಅಂಗಡಿ ಕಟ್ಟಿದ್ದರು. ಥೇಟ್ ನಮ್ಮ ಕತೆ. ಅಕ್ರಮ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಾರದು, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ಕರೆಂಟ್, ನೀರು ಕೊಡಬಾರದು ಅಂದಿತು. ಅಧಿಕಾರಿಗಳು ತಡ ಮಾಡಿದರು ಅಂತ ಅಕ್ರಮ ಸಕ್ರಮ ಆಗೋದಿಲ್ಲ ಅಂತಲೂ ಅಂದಿತು. ನಮ್ಮ ಪಕ್ಕದ ಶಟರ್‌ಗಳಿಗೆ ಇಷ್ಟನ್ನು ಅನ್ವಯಿಸಲಿ, ಸಾಕು. ಜನರೇಟರ್ ಈ ವಾರವೇ ಎತ್ತಿಸಿದರೆ ಜಾಸ್ತಿ ಸಂತೋಷ.

ಪಾಲಿಕೆ ಸಭೆಯಲ್ಲಿ ಶಾಸಕರಿಗೂ ಒಂದು ಕುರ್ಚಿ ಇದೆ, ಮತವೂ ಇದೆ. ಮೇಯರ್ ಚುನಾವಣೆ ದಿನ ಬಿಟ್ಟು ಇನ್ನೊಂದು ದಿನ ಅಲ್ಲಿ ಕೂತು ಕೇಳಿ: ಖಾಯಂ ಆದ ಆದೇಶಗಳಲ್ಲಿ ಎಷ್ಟು ಜಾರಿಯಾದವು? ಉಳಿದವು ಯಾರ ಟೇಬಲ್ ಮೇಲಿವೆ? ಉತ್ತರ ಬಂದರೆ ವಾರ್ಡ್‌ವಾರು ಪಟ್ಟಿ ಮಾಡಿಸಿ, ಎಲ್ಲರಿಗೂ ಕಾಣುವಂತೆ ಹಚ್ಚಿಸಿ. ಶಟರಿಗೆ ಬೇಡ, ಗೋಡೆಗೆ.

ಇಂತಿ,
ಪಕ್ಕದ ಮನೆಯವಳು