ಡ್ಯಾಶ್‌ಬೋರ್ಡ್ ಟಿಕ್‌ಟಿಕ್‌ಗೆ ಏಸಿ ಗ್ಯಾಸ್ ತುಂಬಿದ್ದರ ಕುರಿತು ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಅಧಿಕೃತ ಕಾರು ಸೇವಾ ಕೇಂದ್ರ, ಹುಬ್ಬಳ್ಳಿ

ವಿಷಯ: ಏಸಿ ಸದ್ದಿಗೆ ಮಾಡಿದ ತಪ್ಪು ರಿಪೇರಿ, ಹಣ ವಾಪಸು ಮತ್ತು ಸರಿಯಾದ ದುರಸ್ತಿಗೆ ಕೋರಿಕೆ

ಮಾನ್ಯರೇ,

ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದು ಇಷ್ಟೇ: ಇಗ್ನಿಷನ್ ಆನ್ ಮಾಡಿದಾಗಲೂ ಟೆಂಪರೇಚರ್ ಬದಲಿಸಿದಾಗಲೂ ಗ್ಲೋವ್ ಬಾಕ್ಸ್ ಹಿಂದೆ ಟಿಕ್‌ಟಿಕ್ ಎನ್ನುತ್ತದೆ, ತಂಪೂ ಕಡಿಮೆ. ನಿಮ್ಮವರು ಗ್ಯಾಸ್ ಟಾಪ್‌ಅಪ್ ಮಾಡಿ, ಇವ್ಯಾಪೊರೇಟರ್‌ಗೆ (ಗಾಳಿ ತಂಪು ಮಾಡುವ ಕಾಯಿಲ್) ಕ್ಲೀನಿಂಗ್ ಫೋಮ್ ಹೊಡೆದು ಬಿಲ್ ಕೊಟ್ಟರು. ಟಿಕ್‌ಟಿಕ್ ಹಾಗೇ ಇದೆ. ಸಾಲದ್ದಕ್ಕೆ, ಏಸಿ ಹಾಕಿದರೆ ಈಗ ಬಾನೆಟ್ ಕೆಳಗಿಂದ ಗುರ್ ಎನ್ನುವ ಸದ್ದೂ ಶುರುವಾಗಿದೆ.

‘ಗ್ಯಾಸ್ ಕಡಿಮೆಯಾದರೆ ಟಿಕ್ ಎನ್ನುತ್ತದೆ ಸಾರ್’ ಎಂದು ನಿಮ್ಮ ಸಲಹೆಗಾರರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಗ್ಯಾಸ್ ಇಳಿದಾಗ ಕಂಪ್ರೆಸರನ್ನು (ಗ್ಯಾಸ್ ಒತ್ತುವ ಪಂಪ್) ಇಂಜಿನ್ ಬೆಲ್ಟ್‌ಗೆ ಜೋಡಿಸುವ ಕ್ಲಚ್ ಮತ್ತೆ ಮತ್ತೆ ಹಿಡಿಯುತ್ತದೆ, ಬಿಡುತ್ತದೆ, ಆಗ ಟಕ್ ಎನ್ನುವುದುಂಟು. ಆದರೆ ಅದು ಕೇಳಿಸುವುದು ಬಾನೆಟ್ ಕಡೆಯಿಂದ, ಅದೂ ಇಂಜಿನ್ ಓಡುವಾಗ ಮಾತ್ರ. ಈ ಕಾರಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡದೆ, ಬರೀ ಇಗ್ನಿಷನ್ ಆನ್ ಇಟ್ಟು, ಏಸಿ ಬಟನ್ ಆಫ್ ಮಾಡಿ, ಬ್ಲೋವರ್ (ಗಾಳಿ ಊದುವ ಫ್ಯಾನ್) ಒಂದನೇ ಸ್ಪೀಡ್‌ನಲ್ಲಿಟ್ಟು ಟೆಂಪರೇಚರ್ ನಾಬ್ ಅನ್ನು ಪೂರ್ತಿ ತಂಪಿನಿಂದ ಪೂರ್ತಿ ಬಿಸಿಗೆ ತಿರುಗಿಸಿದರೂ ಸದ್ದು ಬರುತ್ತದೆ. ಬೆಲ್ಟೇ ತಿರುಗದಿರುವಾಗ ಕಂಪ್ರೆಸರ್ ಸದ್ದು ಮಾಡುವುದು ಹೇಗೆ? ಬ್ಲೋವರ್ ಸ್ಪೀಡ್ ಏರಿಸಿದರೂ ಟಿಕ್‌ಟಿಕ್‌ನ ವೇಗ ಬದಲಾಗುವುದಿಲ್ಲ. ಹಾಗಾಗಿ ಬ್ಲೋವರ್‌ಗೆ ಎಲೆ ಸಿಕ್ಕಿಕೊಂಡಿರುವ ಪ್ರಶ್ನೆಯೂ ಇಲ್ಲ. ಒಂದು ನಿಮಿಷದ ಈ ಪರೀಕ್ಷೆಗೆ ಗೇಜೂ ಬೇಡ, ಸ್ಕ್ಯಾನರೂ ಬೇಡ.

ಉಳಿಯುವುದು ಬಿಸಿ-ತಂಪು ಗಾಳಿ ಬೆರೆಸುವ ಫ್ಲಾಪ್ ಮತ್ತು ಅದನ್ನು ತಿರುಗಿಸುವ ಆಕ್ಚುಯೇಟರ್. ಒಳಗೊಂದು ಪುಟ್ಟ ಮೋಟಾರ್, ನಾಲ್ಕಾರು ಪ್ಲಾಸ್ಟಿಕ್ ಗಿಯರ್. ಒಂದು ಹಲ್ಲು ಮುರಿದರೆ ಸಾಕು, ಫ್ಲಾಪ್ ಹೇಳಿದ ಜಾಗಕ್ಕೆ ಹೋಗುವುದಿಲ್ಲ. ಕಂಟ್ರೋಲ್ ಯೂನಿಟ್ ಮೋಟಾರನ್ನು ತಳ್ಳುತ್ತಲೇ ಇರುತ್ತದೆ, ಗಿಯರ್ ಜಾರುತ್ತ ಟಿಕ್ ಎನ್ನುತ್ತದೆ. ಕೆಲವು ಸೆಕೆಂಡಿನ ಬಳಿಕ ಯೂನಿಟ್ ಕೈಬಿಟ್ಟಾಗ ಸದ್ದು ನಿಲ್ಲುತ್ತದೆ. ಸದ್ದು ಬರುವಾಗ ಆಕ್ಚುಯೇಟರ್ ಮೇಲೆ ಬೆರಳಿಟ್ಟರೆ ಒಂದೊಂದು ಟಿಕ್‌ಗೂ ಅದುರುವುದು ಗೊತ್ತಾಗುತ್ತದೆ.

ತಂಪು ಕಡಿಮೆಯಾಗಿದ್ದೂ ಇದರಿಂದಲೇ. ಫ್ಲಾಪ್ ಅರ್ಧದಲ್ಲಿ ನಿಂತರೆ ಹೀಟರ್‌ನ ಬಿಸಿ ಗಾಳಿ ತಂಪು ಗಾಳಿಯ ಜೊತೆ ಬೆರೆಯುತ್ತದೆ. ನಿಮ್ಮಲ್ಲಿ ಬಿಡುವ ಮುಂಚೆಯೂ ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಬಳಿಯ ಏಸಿಯ ದಪ್ಪ ಪೈಪ್ ಕೈಗೆ ತಣ್ಣಗಿತ್ತು, ಬೆವರುತ್ತಿತ್ತು. ವೆಂಟ್‌ನಲ್ಲಿ ಮಾತ್ರ ಉಗುರುಬೆಚ್ಚನೆ ಗಾಳಿ. ಪೈಪ್ ತಣ್ಣಗಿದ್ದು ವೆಂಟ್ ಬೆಚ್ಚಗಿದ್ದರೆ ತೊಂದರೆ ಗ್ಯಾಸ್‌ನಲ್ಲಿಲ್ಲ, ಗಾಳಿ ಹೋಗುವ ದಾರಿಯಲ್ಲಿದೆ.

ಇನ್ನು ನೀವು ತುಂಬಿದ ಗ್ಯಾಸ್. ಬಾನೆಟ್ ಸ್ಟಿಕ್ಕರ್‌ನಲ್ಲಿ ಆರ್-134ಎ (ಏಸಿ ಗ್ಯಾಸ್‌ನ ಹೆಸರು) 430 ಗ್ರಾಂ ಎಂದಿದೆ. ಬಿಲ್‌ನಲ್ಲಿ ‘ಟಾಪ್‌ಅಪ್’ ಎಂದಷ್ಟೇ ಇದೆ, ಎಷ್ಟು ಗ್ರಾಂ ಎಂಬುದಿಲ್ಲ. ಒಳಗೆ ಎಷ್ಟಿತ್ತೆಂದು ತೂಗದೆ ಮೇಲಿಂದ ಸುರಿದರೆ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಹೆಚ್ಚಾದರೆ ಹೈ ಸೈಡ್ (ಕಂಪ್ರೆಸರ್‌ನಿಂದ ಗ್ಯಾಸ್ ಹೊರಬರುವ ಬದಿ) ಒತ್ತಡ ಏರಿ ಕಂಪ್ರೆಸರ್ ಒದ್ದಾಡುತ್ತದೆ; ಗುರ್ ಸದ್ದಿಗೆ ಇದೇ ಕಾರಣವಿರಬಹುದು. ಹೊರಗೆ 35 ಡಿಗ್ರಿ ಇರುವಾಗ, 1,500 ಆರ್‌ಪಿಎಂನಲ್ಲಿ ಹೈ ಸೈಡ್ ಸುಮಾರು 200–250 ಪಿಎಸ್‌ಐ (ಒತ್ತಡದ ಅಳತೆ), ಲೋ ಸೈಡ್ (ಗ್ಯಾಸ್ ಒಳಹೋಗುವ ಬದಿ) 30–45ರ ಆಸುಪಾಸು ಇರಬೇಕು. ಕಂಡೆನ್ಸರ್‌ನ (ಗ್ಯಾಸ್‌ನ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ಸರಿಯಾಗಿ ತಿರುಗುತ್ತಿದ್ದೂ ಎರಡೂ ಒತ್ತಡ ಮೇಲಿದ್ದರೆ ಗ್ಯಾಸ್ ಹೆಚ್ಚಾಗಿರುವ, ಇಲ್ಲವೇ ಒಳಗೆ ಗಾಳಿ ಸೇರಿರುವ ಸಾಧ್ಯತೆಯೇ ಹೆಚ್ಚು. ಎರಡೂ ನಿಮ್ಮ ಕೆಲಸದ ಫಲವೇ.

ಆದ್ದರಿಂದ ಮೊದಲು ಗ್ಯಾಸ್ ಪೂರ್ತಿ ರಿಕವರ್ ಮಾಡಿ (ಯಂತ್ರದಿಂದ ಹೊರತೆಗೆದು), ಬಂದ ತೂಕವನ್ನು ಬರೆದು ಕೊಡಿ. ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಹಿಡಿದು (ಒಳಗಿನ ಗಾಳಿ, ತೇವ ಹೊರಗೆಳೆದು), ಸ್ಟಿಕ್ಕರ್‌ನಲ್ಲಿರುವಷ್ಟೇ ತೂಗಿ ತುಂಬಿ. ರಿಕವರಿಯಲ್ಲಿ ಹೊರಬಂದ ಆಯಿಲನ್ನು ಅಳೆದು ಅಷ್ಟೇ ಹೊಸ ಪಿಎಜಿ ಆಯಿಲ್ (ಕಂಪ್ರೆಸರ್ ಆಯಿಲ್) ಹಾಕಿ. ಇದಕ್ಕೆ ಹಣ ಕೇಳಬೇಡಿ. ಗುರ್ ಸದ್ದು ಆಮೇಲೂ ಉಳಿದರೆ ಕಂಪ್ರೆಸರ್ ನಿಮ್ಮ ಹೊಣೆ ಎಂದು ಜಾಬ್ ಕಾರ್ಡ್‌ನಲ್ಲಿ ದಾಖಲಿಸಿ. ಟಾಪ್‌ಅಪ್ ಮತ್ತು ಫೋಮ್ ಕ್ಲೀನಿಂಗ್‌ನ ಹಣ ವಾಪಸು ಬರಬೇಕು.

ಆಕ್ಚುಯೇಟರ್‌ಗೆ ಮತ್ತು ಅದರ ನ್ಯಾಯವಾದ ಲೇಬರ್‌ಗೆ ಹಣ ಕೊಡಲು ತಕರಾರಿಲ್ಲ. ಈ ಮಾಡೆಲ್‌ನಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಅದು ಕೈಗೆ ಸಿಗುತ್ತದೆ: ಮೂರು ಸ್ಕ್ರೂ, ಒಂದು ಕನೆಕ್ಟರ್. ಡ್ಯಾಶ್‌ಬೋರ್ಡ್ ಇಳಿಸುವ ಲೇಬರ್ ಬಿಲ್‌ನಲ್ಲಿ ಕಾಣಿಸಬಾರದು. ಹೊಸದನ್ನು ಕೂರಿಸುವ ಮುನ್ನ ಫ್ಲಾಪ್‌ನ ಶಾಫ್ಟನ್ನು ಕೈಯಿಂದ ಎರಡೂ ತುದಿಗೆ ತಿರುಗಿಸಿ ನೋಡಿ. ಫ್ಲಾಪೇ ಬಿಗಿದಿದ್ದರೆ ಹೊಸ ಗಿಯರ್‌ಗೂ ಅದೇ ಗತಿ. ನಂತರ ಸ್ಕ್ಯಾನರ್‌ನಲ್ಲಿ ಫ್ಲಾಪ್‌ನ ಎರಡು ತುದಿ ಗುರುತಿಸುವ ಕ್ಯಾಲಿಬ್ರೇಷನ್ ಮಾಡಿ, ಹಳೆಯ ಆಕ್ಚುಯೇಟರನ್ನು ನನಗೆ ಹಿಂತಿರುಗಿಸಿ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಲಗತ್ತು: ಜಾಬ್ ಕಾರ್ಡ್ ಮತ್ತು ಬಿಲ್ ಪ್ರತಿ, ಇಂಜಿನ್ ಆಫ್ ಇರುವಾಗಿನ ಸದ್ದಿನ ವಿಡಿಯೊ, ಬಾನೆಟ್ ಸ್ಟಿಕ್ಕರ್ ಫೋಟೊ.

ಇಂತಿ,
ವಾಹನದ ಮಾಲೀಕರು